ವಾರಾಂತ್ಯದ ಮೊಬಿಲಿಟಿ ಹ್ಯಾಕಥಾನ್: ಕೊಡಗಿನ ತಂಡಗಳಿಗೆ ನೋಂದಣಿಯಿಂದ ಡೆಮೊವರೆಗೆ

ಸಾರಿಗೆ, ಸಂಚಾರದ ಮೇಲಿನ ಹ್ಯಾಕಥಾನ್‌ಗಳಿಗೆ (ಒಂದೆರಡು ದಿನದಲ್ಲಿ ತಂಡವಾಗಿ ಆ್ಯಪ್ ಅಥವಾ ಸಾಧನ ಕಟ್ಟಿ ತೋರಿಸುವ ಸ್ಪರ್ಧೆ) ನಮ್ಮ ಕಡೆಯಿಂದ ಹೋಗುವ ತಂಡಗಳು ಸೋಲುವುದು ಕೋಡಿಂಗ್ ಬರದೇ ಇರುವುದಕ್ಕಲ್ಲ. ಹೆಚ್ಚಿನವರು ಸೋಲುವ ರೀತಿ ಒಂದೇ. ಶುಕ್ರವಾರ ರಾತ್ರಿ ಐಡಿಯಾ ಹುಡುಕುತ್ತಾ ಕೂರುತ್ತಾರೆ. ಶನಿವಾರ ಪೂರ್ತಿ ಲಾಗಿನ್ ಪೇಜು ಚೆಂದ ಮಾಡುತ್ತಾರೆ. ಭಾನುವಾರ ಡೆಮೊ ಹೊತ್ತಿಗೆ ಮ್ಯಾಪ್ ಲೋಡ್ ಆಗುವುದಿಲ್ಲ. "ಇದನ್ನ ಯಾರು ಬಳಸ್ತಾರೆ?" ಅಂತ ತೀರ್ಪುಗಾರರು ಕೇಳಿದರೆ "ಎಲ್ಲರೂ ಸರ್" ಅನ್ನುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಓದುವವರು ಬೆಂಗಳೂರಿನ ಸಿಗ್ನಲ್ ಸಮಸ್ಯೆ ಬಿಡಿಸಲು ಹೋಗುತ್ತಾರೆ. ಆ ಸಮಸ್ಯೆಯ ಜೊತೆ ದಿನಾ ಬದುಕುವ ತಂಡಗಳು ಅಲ್ಲೇ ಪಕ್ಕದ ಟೇಬಲ್‌ನಲ್ಲಿ ಇರುತ್ತವೆ. ಕೊಡಗಿನ ರಸ್ತೆ ಗೊತ್ತಿರುವುದು ನಿಮಗೆ ಮಾತ್ರ. ಅದನ್ನೇ ಹಿಡಿದು, ಯಾವ ಕೆಲಸ ಯಾವುದರ ನಂತರ ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಶುಕ್ರವಾರ ಸಂಜೆ ಶುರುವಾಗಿ ಭಾನುವಾರ ಮಧ್ಯಾಹ್ನ ಮುಗಿಯುವ ಸ್ಪರ್ಧೆ ಅಂತ ಇಟ್ಟುಕೊಳ್ಳಿ. ಅರ್ಧ ಕೆಲಸ ಅದಕ್ಕಿಂತ ಮುಂಚಿನ ವಾರದಲ್ಲೇ ಇದೆ.

## ಹಂತ 1: ನೋಂದಣಿಗೆ ಮೊದಲು ನಿಯಮ ಓದಿ

ಪೋಸ್ಟರ್ ನೋಡಿ ಫಾರಂ ತುಂಬಬೇಡಿ. ನಿಯಮಗಳ ಪುಟ ಪೂರ್ತಿ ಓದಿ, ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ. ತಂಡದಲ್ಲಿ ಎಷ್ಟು ಜನ ಇರಬೇಕು? ಮೊದಲೇ ಬರೆದ ಕೋಡ್ ಮತ್ತು ಮೊದಲೇ ಸಂಗ್ರಹಿಸಿದ ಡೇಟಾ ಬಳಸಬಹುದಾ? ಏನನ್ನು, ಎಷ್ಟು ಗಂಟೆಗೆ ಸಲ್ಲಿಸಬೇಕು? ಅಂಕ ಯಾವುದಕ್ಕೆ ಎಷ್ಟು?

ತಂಡದ ನಿಯಮ ಒಂದೊಂದು ಕಡೆ ಒಂದೊಂದು ಥರ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ತಂಡಕ್ಕೆ 6 ಜನ, ಅದರಲ್ಲಿ ಕನಿಷ್ಠ ಒಬ್ಬಳು ಹುಡುಗಿ ಇರಲೇಬೇಕು. ಕಾಲೇಜು ಮಟ್ಟದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇನ್ನೂ ಚಿಕ್ಕ ತಂಡ ಸಾಕಾಗುತ್ತದೆ.

ಮೊದಲೇ ಬರೆದ ಕೋಡ್ ಬೇಡ ಅನ್ನುವ ಕಡೆಯೂ ಡೇಟಾ ಸಂಗ್ರಹಕ್ಕೆ ಹೆಚ್ಚಾಗಿ ಅಡ್ಡಿ ಇರುವುದಿಲ್ಲ. ಆದರೂ ಆಯೋಜಕರಿಗೆ ಒಂದು ಮೇಲ್ ಹಾಕಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಈ ಮಾರ್ಗದರ್ಶಿಯ 4 ಮತ್ತು 5ನೇ ಹಂತ ನಿಂತಿರುವುದೇ ಆ ಉತ್ತರದ ಮೇಲೆ.

ಎಚ್ಚರಿಕೆಯ ಗುರುತು: ನೋಂದಣಿಗೆ ದೊಡ್ಡ ಮೊತ್ತ ಕೇಳುವುದು. ತೀರ್ಪುಗಾರರು ಯಾರು ಅಂತ ಎಲ್ಲೂ ಹೇಳದೇ ಇರುವುದು. "ಸಲ್ಲಿಸಿದ ಎಲ್ಲ ಕೋಡ್ ನಮ್ಮದು" ಅನ್ನುವ ಸಾಲು ನಿಯಮದ ಕೊನೆಯಲ್ಲಿ ಇರುವುದು. ಇಂಥ ಕಡೆ ಹೋಗದಿದ್ದರೆ ನಷ್ಟವೇನಿಲ್ಲ.

## ಹಂತ 2: ತಂಡ ಕಟ್ಟಿ

ನಾಲ್ಕು ಜನ ಕೋಡರ್‌ಗಳ ತಂಡ ದುರ್ಬಲ ತಂಡ. ಒಬ್ಬರು ಸ್ಕ್ರೀನ್ ಮಾಡಲಿ, ಒಬ್ಬರು ಡೇಟಾ ಮತ್ತು ಸರ್ವರ್ ನೋಡಿಕೊಳ್ಳಲಿ. ಒಬ್ಬರು ಜನರ ಹತ್ತಿರ ಮಾತಾಡುವವರು, ಸ್ಲೈಡ್ ಮತ್ತು ಡೆಮೊ ಅವರದ್ದೇ. ಹಾರ್ಡ್‌ವೇರ್ ಇದ್ದರೆ ನಾಲ್ಕನೆಯವರದ್ದು ಅದು, ಇಲ್ಲದಿದ್ದರೆ ಪರೀಕ್ಷೆ ಮಾಡುವುದು.

ತಂಡದಲ್ಲಿ ಒಬ್ಬರಾದರೂ ದಿನಾ ಬಸ್ಸಿನಲ್ಲಿ ಓಡಾಡುವವರು ಇರಲಿ. ಬೈಕ್ ಇರುವವರೇ ಸೇರಿ ಮಾಡಿದ ಬಸ್ ಆ್ಯಪ್ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು.

## ಹಂತ 3: ಸಮಸ್ಯೆಯನ್ನು ಒಂದು ರಸ್ತೆಗೆ ಇಳಿಸಿ

ಇಲ್ಲಿ ಸಮಯ ಹಾಕಿ. ಉಳಿದ ಹಂತಗಳು ಸುಲಭವಾಗುವುದೂ ಕಷ್ಟವಾಗುವುದೂ ಇದರ ಮೇಲೆ.

ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ವಿಮಾನ ನಿಲ್ದಾಣ ಇಲ್ಲ. ಓಡಾಟ ಪೂರ್ತಿ ರಸ್ತೆ ಮೇಲೆ, ಆ ರಸ್ತೆಗಳೂ ಘಾಟಿ, ಕಾಡು, ತೋಟದ ನಡುವೆ. ಹಾಗಾಗಿ ಸಮಸ್ಯೆಗೇನೂ ಬರವಿಲ್ಲ. ಕೆಲವನ್ನು ಹೇಳುತ್ತೇನೆ.

ಬಸ್ ಸಮಯ. ಸರ್ಕಾರಿ ಬಸ್ಸೂ ಖಾಸಗಿ ಬಸ್ಸೂ ಒಂದೇ ದಾರಿಯಲ್ಲಿ ಓಡುತ್ತವೆ. ಎರಡರ ಸಮಯ ಒಟ್ಟಿಗೆ ಸಿಗುವುದು ಹಳೇ ಕಂಡಕ್ಟರ್ ತಲೆಯಲ್ಲಿ ಮಾತ್ರ. ಜೊತೆಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ತೋಟದ ಕೆಲಸ ಮುಗಿಸಿ ನಿಂತ ಹೆಂಗಸಿಗೆ "ಮುಂದಿನ ಬಸ್ ಯಾವಾಗ" ಅನ್ನುವುದಕ್ಕಿಂತ "ಮುಂದಿನ ಸರ್ಕಾರಿ ಬಸ್ ಯಾವಾಗ, ಅಷ್ಟು ಹೊತ್ತು ಕಾಯಬಹುದಾ" ಅನ್ನುವುದೇ ಪ್ರಶ್ನೆ. ಬೇರೆ ಊರಿನ ಬಸ್ ಆ್ಯಪ್ ನಕಲು ಮಾಡಿದರೆ ಇದು ಕಣ್ಣಿಗೇ ಬೀಳುವುದಿಲ್ಲ.

ಮಳೆಗಾಲದ ರಸ್ತೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿ ಕುಸಿದು ಸಂಚಾರವೇ ನಿಂತಿತ್ತು. ಅಷ್ಟು ದೊಡ್ಡದಲ್ಲದಿದ್ದರೂ ಭಾಗಮಂಡಲ–ನಾಪೋಕ್ಲು ರಸ್ತೆ ಮೇಲೆ ನೀರು ಬರುವುದು, ಮಾಕುಟ್ಟ ದಾರಿಯಲ್ಲಿ ಮರ ಬೀಳುವುದು ಮಳೆಗಾಲದ ಮಾಮೂಲಿ ಸುದ್ದಿ. ಸುದ್ದಿ ಬರುವುದು ವಾಟ್ಸ್ಆ್ಯಪ್‌ನಲ್ಲಿ. ಅದರಲ್ಲಿ ಈ ವರ್ಷದ ಫೋಟೋ ಯಾವುದು, ಹಿಂದಿನ ವರ್ಷದ್ದು ಯಾವುದು ಗೊತ್ತಾಗುವುದಿಲ್ಲ.

ಆನೆ. ಸಿದ್ದಾಪುರ, ವಿರಾಜಪೇಟೆ ಸುತ್ತ ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೂ ಸಂಜೆ ಮನೆಗೆ ಬರುವವರಿಗೂ ಇದು ನಿಜವಾದ ಸಂಚಾರ ಸಮಸ್ಯೆ. ಆದರೆ ಇಲ್ಲಿ ಹುಷಾರು. ಅರಣ್ಯ ಇಲಾಖೆಯ ಎಸ್‌ಎಂಎಸ್ ಎಚ್ಚರಿಕೆ ವ್ಯವಸ್ಥೆ ಈಗಾಗಲೇ ಇದೆ. ಅದನ್ನು ತಿಳಿದುಕೊಳ್ಳದೆ "ಹೊಸ ಐಡಿಯಾ" ಅಂತ ಹೋದರೆ ಮೊದಲ ಪ್ರಶ್ನೆಗೇ ಬೀಳುತ್ತೀರಿ. ಆನೆ ಈಗ ಎಲ್ಲಿದೆ ಅಂತ ಸಾರ್ವಜನಿಕ ಮ್ಯಾಪಿನಲ್ಲಿ ಚುಕ್ಕೆ ಇಡಲೂ ಬೇಡಿ. ಮೊಬೈಲ್ ಹಿಡಿದುಕೊಂಡು ಅಲ್ಲಿಗೇ ಹೋಗುವ ಜನ ಇದ್ದಾರೆ, ಬೇರೆ ಉದ್ದೇಶದವರೂ ಇದ್ದಾರೆ. "ಈ ರಸ್ತೆಯ ಈ ತುಂಡು, ಇಷ್ಟು ಹೊತ್ತು ಬೇಡ" ಅಂತ ಹೇಳಿದರೆ ಸಾಕು.

ಇನ್ನೂ ಇವೆ. ಶನಿವಾರ, ಭಾನುವಾರ ರಾಜಾಸೀಟ್, ಅಬ್ಬಿ ಜಲಪಾತದ ದಾರಿಯಲ್ಲಿ ಪ್ರವಾಸಿಗರ ಕಾರುಗಳ ಸಾಲು. ದಸರೆಯ ದಶಮಂಟಪದ ರಾತ್ರಿ ಮಡಿಕೇರಿಯೊಳಗೆ ಯಾವ ರಸ್ತೆ ತೆರೆದಿದೆ ಅನ್ನುವುದು. ಕಾಫಿ ಕುಯ್ಲಿನ ಕಾಲದಲ್ಲಿ ಕಾರ್ಮಿಕರನ್ನು ಪಿಕಪ್‌ನಲ್ಲಿ ತುಂಬಿಕೊಂಡು ಹೋಗುವುದು.

ಒಂದನ್ನು ಆರಿಸಿ, ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾರಿಗೆ, ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ, ಏನು ಗೊತ್ತಾಗುತ್ತಿಲ್ಲ. ಉದಾಹರಣೆಗೆ: "ಗೋಣಿಕೊಪ್ಪಲು ಬಸ್ ನಿಲ್ದಾಣದಲ್ಲಿ ಸಂಜೆ 5ರ ಮೇಲೆ ಕುಟ್ಟ ಕಡೆಗೆ ಹೋಗಬೇಕಾದ ಕಾಲೇಜು ಹುಡುಗಿಗೆ, ಮುಂದಿನ ಬಸ್ ಬರುತ್ತದೋ ಇಲ್ಲವೋ ಗೊತ್ತಾಗುತ್ತಿಲ್ಲ." ಇಷ್ಟು ಸಣ್ಣದಾ ಅನಿಸುತ್ತದೆ, ಅಲ್ವಾ? ಒಂದು ವಾರಾಂತ್ಯಕ್ಕೆ ಇದೇ ಜಾಸ್ತಿ. ಮುಂದೆ ಇದೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಎಚ್ಚರಿಕೆಯ ಗುರುತು: ವಾಕ್ಯದಲ್ಲಿ "ಎಲ್ಲರಿಗೂ" ಬಂದಿದೆ. ಸಮಸ್ಯೆ ಹೇಳುವ ಮೊದಲೇ ಎಐ ಅನ್ನುವ ಪದ ಬಂದಿದೆ. ಎಲ್ಲ ಬಸ್ಸಿನವರೂ ಆ್ಯಪ್ ಹಾಕಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಈ ಮೂರರಲ್ಲಿ ಒಂದು ಕಂಡರೂ ವಾಕ್ಯವನ್ನು ಮತ್ತೆ ಬರೆಯಿರಿ.

## ಹಂತ 4: ಬಸ್ ನಿಲ್ದಾಣಕ್ಕೆ ಹೋಗಿ

ಸ್ಪರ್ಧೆಗೆ ಒಂದು ವಾರ ಮೊದಲು, ನೀವು ಬರೆದ ಹೊತ್ತಿನಲ್ಲೇ ಆ ಜಾಗಕ್ಕೆ ಹೋಗಿ. ಸಂಜೆಯ ಸಮಸ್ಯೆಗೆ ಬೆಳಿಗ್ಗೆ ಹೋದರೆ ಉಪಯೋಗವಿಲ್ಲ.

ಪ್ರಶ್ನೆ ಕೇಳುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. "ಇಂಥ ಆ್ಯಪ್ ಬಂದ್ರೆ ಬಳಸ್ತೀರಾ?" ಅಂತ ಕೇಳಬೇಡಿ. ಕೇಳಿದವರಿಗೆ ಬೇಜಾರಾಗಬಾರದು ಅಂತ ಎಲ್ಲರೂ "ಹ್ಞೂಂ, ಬಳಸ್ತೀವಿ" ಅನ್ನುತ್ತಾರೆ. ಆಗಿದ್ದನ್ನು ಕೇಳಿ. "ಅಕ್ಕಾ, ನಿನ್ನೆ ಎಷ್ಟು ಹೊತ್ತು ಕಾದ್ರಿ? ಬಸ್ ಬರಲಿಲ್ಲ ಅಂತ ಹೇಗೆ ಗೊತ್ತಾಯ್ತು? ಆಮೇಲೆ ಏನು ಮಾಡಿದ್ರಿ?" ಉತ್ತರದಲ್ಲಿ ಆಟೊ ಹಂಚಿಕೊಂಡದ್ದು, ಅಂಗಡಿಯವರನ್ನು ಕೇಳಿದ್ದು, ಮನೆಗೆ ಫೋನ್ ಮಾಡಿ ಅಣ್ಣನನ್ನು ಕರೆಸಿದ್ದು ಎಲ್ಲ ಬರುತ್ತದೆ. ನಿಮ್ಮ ಪರಿಹಾರ ಇವುಗಳಿಗಿಂತ ಸುಲಭ ಇರಬೇಕು, ಅಷ್ಟೇ.

ಕಂಡಕ್ಟರನ್ನು ಕೇಳುವಾಗ ಬಸ್ ಹೊರಡುವ ಗಡಿಬಿಡಿ ನೋಡಿಕೊಳ್ಳಿ. "ಅಣ್ಣಾ, ಕುಟ್ಟಕ್ಕೆ ಇದು ಎಷ್ಟೊತ್ತಿಗೆ ಬಿಡೋದು?" ಅಂದರೆ "ಮಳೆ ಇಲ್ಲಾಂದ್ರೆ ಐದೂ ಮುಕ್ಕಾಲು" ಅನ್ನಬಹುದು. ಆ "ಮಳೆ ಇಲ್ಲಾಂದ್ರೆ" ಅನ್ನುವುದನ್ನೂ ಬರೆದುಕೊಳ್ಳಿ. ಆಟೊ ಸ್ಟ್ಯಾಂಡಿನಲ್ಲಿ ಕೇಳುವುದನ್ನು ಬಿಡಬೇಡಿ. ಯಾವ ಬಸ್ ತಪ್ಪುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು, ಅವರ ಬಾಡಿಗೆಯೇ ಅದರ ಮೇಲೆ.

ಭಾಷೆಯನ್ನೂ ಗಮನಿಸಿ. ಒಂದೇ ನಿಲ್ದಾಣದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಕನ್ನಡ ಕೇಳುತ್ತದೆ. ತೋಟಗಳಲ್ಲಿ ಹೊರರಾಜ್ಯದ ಕಾರ್ಮಿಕರೂ ಇದ್ದಾರೆ. ಐದು ಭಾಷೆಯ ಆ್ಯಪ್ ಮಾಡಿ ಅಂತಲ್ಲ. ಓದದೆಯೂ ಅರ್ಥವಾಗುವ ಬಣ್ಣ, ಬಸ್ ಚಿತ್ರ, ದೊಡ್ಡ ಅಂಕಿ ಸಾಕಾಗುತ್ತದಾ ಅಂತ ನೋಡಿ.

ಕೊನೆಗೆ ಆ ಬಸ್ಸಿನಲ್ಲೇ ಒಂದು ಸಲ ಹೋಗಿ ಬನ್ನಿ. ಫೋನಿನಲ್ಲಿ ಜಿಪಿಎಸ್ ಲಾಗರ್ ಓಡಲಿ. ಎಲ್ಲಿ ನೆಟ್‌ವರ್ಕ್ ಹೋಯಿತು, ಎಲ್ಲಿ ಬಂತು ಬರೆದುಕೊಳ್ಳಿ. ಈ ಒಂದು ಕಾಗದ ಭಾನುವಾರ ನಿಮ್ಮ ಕೈಯಲ್ಲಿರುವ ದೊಡ್ಡ ಆಯುಧ.

ಜನರ ಹೆಸರು, ಫೋನ್ ನಂಬರ್ ತೆಗೆದುಕೊಳ್ಳಬೇಡಿ. ಫೋಟೋ ಬೇಕಾದರೆ ಕೇಳಿ ತೆಗೆಯಿರಿ.

## ಹಂತ 5: ಡೇಟಾ ಸಿದ್ಧ ಮಾಡಿ

ಬಸ್ ಸಮಯಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ರೂಪ ಜಿಟಿಎಫ್‌ಎಸ್. ಹೆಸರಿಗೆ ಹೆದರಬೇಡಿ, ಅದು ಕೆಲವು ಟೆಕ್ಸ್ಟ್ ಫೈಲುಗಳ ಗುಂಪು. ಏಜೆನ್ಸಿ, ಸ್ಟಾಪ್ಸ್, ರೂಟ್ಸ್, ಟ್ರಿಪ್ಸ್, ಸ್ಟಾಪ್ ಟೈಮ್ಸ್, ಕ್ಯಾಲೆಂಡರ್ ಅನ್ನುವ ಆರು ಇದ್ದರೆ ಒಂದು ದಾರಿಗೆ ಸಾಕು. ಗೋಣಿಕೊಪ್ಪಲಿನಿಂದ ಕುಟ್ಟದವರೆಗೆ ನೀವು ಬರೆದುಕೊಂಡ ನಿಲ್ದಾಣ, ಸಮಯಗಳನ್ನು ಇದಕ್ಕೆ ತುಂಬಿ. ತೀರ್ಪುಗಾರರಲ್ಲಿ ಸಾರಿಗೆ ಗೊತ್ತಿರುವವರು ಇದ್ದರೆ ಇದೊಂದಕ್ಕೇ ಕಿವಿ ನೆಟ್ಟಗಾಗುತ್ತದೆ.

ತಪ್ಪಾಗುವ ಜಾಗಗಳು ಇವು.

ಅಕ್ಷಾಂಶ, ರೇಖಾಂಶ ಅದಲುಬದಲು. ಮಡಿಕೇರಿ ಸುಮಾರು 12.42 ಉತ್ತರ, 75.74 ಪೂರ್ವ. ವೆಬ್ ಪುಟದಲ್ಲಿ ಮ್ಯಾಪ್ ತೋರಿಸುವ ಲೀಫ್ಲೆಟ್ ಲೈಬ್ರರಿ ಮೊದಲು ಅಕ್ಷಾಂಶ ಕೇಳುತ್ತದೆ, ಮ್ಯಾಪಿನ ಚುಕ್ಕೆ, ಗೆರೆ ಬರೆದಿಡುವ ಜಿಯೋಜೇಸನ್ ಫೈಲ್ ಮೊದಲು ರೇಖಾಂಶ ಕೇಳುತ್ತದೆ. ತಿರುಗುಮುರುಗು ಆದರೆ ನಿಮ್ಮ ಬಸ್ ನಾರ್ವೆಯಾಚೆಯ ಹಿಮಸಮುದ್ರದಲ್ಲಿ ಓಡುತ್ತದೆ. ಮ್ಯಾಪ್ ಖಾಲಿ ನೀಲಿ ಕಂಡರೆ ಮೊದಲು ಇದನ್ನೇ ನೋಡಿ.

ಎಕ್ಸೆಲ್. ಫೈಲನ್ನು ಅದರಲ್ಲಿ ತೆರೆದು ಉಳಿಸಿದರೆ ಸಮಯದ ರೂಪ ಬದಲಾಗುತ್ತದೆ, ಸಂಖ್ಯೆಯ ಶುರುವಿನ ಸೊನ್ನೆ ಹೋಗುತ್ತದೆ. ಯುಟಿಎಫ್-8 ಅನ್ನುವ ಅಕ್ಷರ ರೂಪದಲ್ಲಿ ಉಳಿಸದಿದ್ದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತವೆ. ಯಾರೋ ಕೊಟ್ಟ ವೇಳಾಪಟ್ಟಿ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಶನಿವಾರ ರಾತ್ರಿ ಈ ಕೆಲಸ ಇಟ್ಟುಕೊಳ್ಳಬೇಡಿ.

ಮಧ್ಯರಾತ್ರಿ ದಾಟುವ ಬಸ್. ಜಿಟಿಎಫ್‌ಎಸ್‌ನಲ್ಲಿ ರಾತ್ರಿ ಒಂದೂ ಹತ್ತನ್ನು 25:10:00 ಅಂತ ಬರೆಯಬೇಕು, ಯಾಕೆಂದರೆ ಆ ಟ್ರಿಪ್ ಹಿಂದಿನ ದಿನದ್ದು.

ನೇರ ಗೆರೆಯ ದೂರ. ಎರಡು ನಿಲ್ದಾಣದ ನಡುವೆ ಗೆರೆ ಎಳೆದು, ಸರಾಸರಿ ವೇಗದಿಂದ ಭಾಗಿಸಿ ಸಮಯ ಹೇಳುವ ಕೋಡ್ ಬಯಲುಸೀಮೆಯಲ್ಲಿ ಹೇಗೋ ನಡೆದೀತು. ಸಂಪಾಜೆ ಘಾಟಿಯಲ್ಲಿ ನಡೆಯುವುದಿಲ್ಲ. ರಸ್ತೆ ದೂರ ಬೇಕು ಅಂದರೆ ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡಿದ ಉಚಿತ ಮ್ಯಾಪ್) ಡೇಟಾ ಮೇಲೆ ದಾರಿ ಲೆಕ್ಕ ಹಾಕುವ ಓಎಸ್‌ಆರ್‌ಎಂ ತಂತ್ರಾಂಶ ಓಡಿಸಿ. ಆದರೆ ಅದು ಕೊಡುವ ಸಮಯವನ್ನು ನಂಬಬೇಡಿ. ಮಳೆ, ಮಂಜು, ಎದುರು ಬರುವ ಲಾರಿಗೆ ದಾರಿ ಬಿಡುವುದು ಅದಕ್ಕೆ ಗೊತ್ತಿಲ್ಲ. ನೀವು ಬಸ್ಸಿನಲ್ಲಿ ಕೂತು ಅಳೆದ ಸಮಯವೇ ಒಳ್ಳೆಯದು.

ತೋಟದ ರಸ್ತೆ. ಮ್ಯಾಪಿನಲ್ಲಿ ಗೆರೆ ಇದೆ ಅಂತ ಹೋದರೆ ಅಲ್ಲಿ ಗೇಟು ಇರುತ್ತದೆ. ಖಾಸಗಿ ರಸ್ತೆ ಅಂತ ಗುರುತು ಹಾಕದ ಎಷ್ಟೋ ದಾರಿಗಳಿವೆ. ಒಳದಾರಿ ತೋರಿಸುವ ಆ್ಯಪ್ ಮಾಡುವವರು ಒಂದೊಂದನ್ನೂ ನೋಡಿ ಬರಬೇಕು.

ಗೂಗಲ್ ಮ್ಯಾಪ್ಸ್ ಕೀ ಬೇಕಾದರೆ ಬಿಲ್ಲಿಂಗ್ ಖಾತೆ ಕೇಳುತ್ತದೆ. ಕಾರ್ಡ್ ಇಲ್ಲದ ವಿದ್ಯಾರ್ಥಿಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ವಾಸಿ. ಅದರ ಹೆಸರನ್ನು ಮ್ಯಾಪಿನ ಮೂಲೆಯಲ್ಲಿ ಹಾಕಲೇಬೇಕು. ಅವರ ಸರ್ವರಿನಿಂದ ಮ್ಯಾಪ್ ಚಿತ್ರಗಳನ್ನು ರಾಶಿಗಟ್ಟಲೆ ಇಳಿಸಿಕೊಳ್ಳಲು ಅನುಮತಿ ಇಲ್ಲ. ಒಂದು ದಾರಿಯ ಗೆರೆ ಮತ್ತು ನಿಲ್ದಾಣಗಳನ್ನು ಜಿಯೋಜೇಸನ್ ಫೈಲಾಗಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹಾಲ್‌ನಲ್ಲಿ ನೆಟ್ ಹೋದರೂ ಡೆಮೊ ನಿಲ್ಲುವುದಿಲ್ಲ.

## ಹಂತ 6: ಚೀಲ ತುಂಬಿ

ಎಕ್ಸ್‌ಟೆನ್ಶನ್ ಬಾಕ್ಸ್ ಮರೆಯಬೇಡಿ. ಹಾಲ್‌ನಲ್ಲಿ ಪ್ಲಗ್ ಪಾಯಿಂಟ್ ಯಾವತ್ತೂ ಕಡಿಮೆ. ಬೇರೆ ಬೇರೆ ಕಂಪನಿಯ ಎರಡು ಸಿಮ್, ಪವರ್ ಬ್ಯಾಂಕ್, ಪೆನ್ ಡ್ರೈವ್, ಡೇಟಾ ಹೋಗುವ ಯುಎಸ್‌ಬಿ ಕೇಬಲ್ ಇರಲಿ. ಚಾರ್ಜ್ ಮಾತ್ರ ಆಗುವ ಕೇಬಲ್ ತಂದು ಬೋರ್ಡ್ ಕೆಟ್ಟಿದೆ ಅಂದುಕೊಳ್ಳುವವರು ಪ್ರತಿ ಸ್ಪರ್ಧೆಯಲ್ಲೂ ಸಿಗುತ್ತಾರೆ. ಬೇಕಾದ ಲೈಬ್ರರಿಗಳನ್ನೆಲ್ಲ ಮನೆಯಲ್ಲೇ ಇನ್‌ಸ್ಟಾಲ್ ಮಾಡಿ, ನೆಟ್ ಆಫ್ ಮಾಡಿ ಒಂದು ಸಲ ಓಡಿಸಿ ನೋಡಿ.

ಹಾರ್ಡ್‌ವೇರ್ ಮಾಡುವವರು ಇನ್ನಷ್ಟು ಓದಿ. ಬಸ್ಸಿಗೆ ಟ್ರ್ಯಾಕರ್ ಅಂತ ಎಲ್ಲರೂ ಸಿಮ್ ಹಾಕಿ ಮೊಬೈಲ್ ಜಾಲಕ್ಕೆ ಸೇರಿಸುವ ಸಿಮ್800ಎಲ್ ಮಾಡ್ಯೂಲ್ ಕೊಳ್ಳುತ್ತಾರೆ. ಅದು 2ಜಿ ಮಾತ್ರ. ಜಿಯೋಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಜಿಯೋ ಸಿಮ್ ಹಾಕಿದರೆ ಎಷ್ಟು ಹೊತ್ತಾದರೂ ಸಿಗ್ನಲ್ ಹಿಡಿಯುವುದಿಲ್ಲ. ಕರೆಂಟನ್ನೂ ಜೋರಾಗಿ ಎಳೆಯುತ್ತದೆ, ಕ್ಷಣಕಾಲ 2 ಆಂಪಿಯರ್‌ವರೆಗೆ. ಇಎಸ್‌ಪಿ32 ಅನ್ನುವ ಚಿಕ್ಕ ಕಂಟ್ರೋಲರ್ ಬೋರ್ಡಿನ 3.3 ವೋಲ್ಟ್ ಪಿನ್ನಿನಿಂದ ಕೊಟ್ಟರೆ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಬೇರೆ ಲಿಥಿಯಂ ಬ್ಯಾಟರಿ ಕೊಡಿ, ಗ್ರೌಂಡ್ ತಂತಿ ಎರಡಕ್ಕೂ ಒಂದೇ ಇರಲಿ.

ಜಿಪಿಎಸ್ ಮಾಡ್ಯೂಲ್ ಕಾಂಕ್ರೀಟ್ ಹಾಲ್‌ನೊಳಗೆ ಆಕಾಶ ಕಾಣದೆ ಸುಮ್ನೆ ಮಿಣುಕುತ್ತಾ ಕೂರುತ್ತದೆ. ಹೊರಗೆ ಹೋಗಿ ಪರೀಕ್ಷೆ ಮಾಡಿ, ಡೆಮೊಗೆ ಬಸ್ಸಿನಲ್ಲಿ ರೆಕಾರ್ಡ್ ಮಾಡಿದ ದಾರಿಯನ್ನು ಮರಳಿ ಓಡಿಸಿ.

ನೀರಿನ ಮಟ್ಟ ಅಳೆಯುವ ಐಡಿಯಾ ಇದ್ದರೆ ಶಬ್ದದ ಅಲೆಯಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್ ಡೆಮೊಗೆ ಸರಿ, ನಮ್ಮ ಮಳೆಗೆ ಅಲ್ಲ. ಜೆಎಸ್‌ಎನ್-ಎಸ್‌ಆರ್04ಟಿ ನೀರು ತಡೆಯುತ್ತದೆ, ಆದರೆ ತೀರಾ ಹತ್ತಿರದ ವಸ್ತುವನ್ನು ಸರಿಯಾಗಿ ಅಳೆಯುವುದಿಲ್ಲ. ಎಚ್‌ಸಿ-ಎಸ್‌ಆರ್04ರ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಇಎಸ್‌ಪಿ32 ಇರುವುದು 3.3ಕ್ಕೆ. ನಡುವೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ. ಟವರ್ ಇಲ್ಲದ ಕಡೆ ಲೋರಾ (ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೊ) ಬಳಸುವವರು 865–868 ಮೆಗಾಹರ್ಟ್ಸ್ ಮಾಡ್ಯೂಲನ್ನೇ ತನ್ನಿ. ನಮ್ಮ ದೇಶದಲ್ಲಿ ಪರವಾನಗಿ ಬೇಡದ್ದು ಅದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 915ರದ್ದು ತರಬೇಡಿ.

## ಹಂತ 7: ಶುಕ್ರವಾರ ರಾತ್ರಿ, ಟೊಳ್ಳಾದರೂ ತುದಿಯಿಂದ ತುದಿಗೆ

ಮೊದಲ ಒಂದು ಗಂಟೆ ಲ್ಯಾಪ್‌ಟಾಪ್ ಮುಚ್ಚಿಡಿ. ಕಾಗದದ ಮೇಲೆ ಮೂರು ಸ್ಕ್ರೀನ್ ಬರೆಯಿರಿ. ಪ್ರಯಾಣಿಕರಿಗೆ ಕಾಣುವುದು, ಮಾಹಿತಿ ಕೊಡುವವರಿಗೆ ಕಾಣುವುದು, ಮಾಹಿತಿ ಇಲ್ಲದಾಗ ಕಾಣುವುದು. ಮೂರನೆಯದನ್ನು ಯಾರೂ ಬರೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಹೊತ್ತು ಕಾಣುವುದೇ ಅದು.

ಮಲಗುವ ಮೊದಲು ಒಂದು ಟೊಳ್ಳು ವ್ಯವಸ್ಥೆ ಓಡಬೇಕು. ಒಂದು ಕಡೆ ಬಟನ್ ಒತ್ತಿದರೆ ಇನ್ನೊಂದು ಫೋನಿನಲ್ಲಿ "ಕುಟ್ಟದಿಂದ ಬರುವ ಬಸ್ ಪೊನ್ನಂಪೇಟೆ ದಾಟಿತು" ಅಂತ ಬರಬೇಕು. ಚೆಂದ ಬೇಡ, ಬಣ್ಣ ಬೇಡ. ಲಾಗಿನ್ ಅಂತೂ ಬೇಡವೇ ಬೇಡ. ಬಸ್ ಎಲ್ಲಿದೆ ಅಂತ ನೋಡಲು ಒಟಿಪಿ ಯಾಕೆ?

ಕೋಡಿನ ಒಂದೊಂದು ರೂಪವನ್ನೂ ಇಟ್ಟುಕೊಳ್ಳುವ ಗಿಟ್‌ನಲ್ಲಿ ಆಗಾಗ ಕಮಿಟ್ ಮಾಡಿ, ಅಂದರೆ ಉಳಿಸಿ. ಎಪಿಐ ಕೀ (ಬೇರೆಯವರ ಸೇವೆ ಬಳಸಲು ಕೊಡುವ ಗುಟ್ಟಿನ ಕೋಡ್) ಇರುವ ಫೈಲನ್ನು ಮೊದಲ ಕಮಿಟ್‌ಗೂ ಮುಂಚೆ ಗಿಟ್ ಇಗ್ನೋರ್‌ಗೆ, ಅಂದರೆ ಗಿಟ್ ಮುಟ್ಟಬಾರದ ಫೈಲುಗಳ ಪಟ್ಟಿಗೆ, ಸೇರಿಸಿ. ಒಮ್ಮೆ ಗಿಟ್‌ಹಬ್‌ಗೆ ಹೋದ ಕೀಯನ್ನು ಆಮೇಲೆ ಅಳಿಸಿದರೂ ಹಳೇ ಕಮಿಟ್‌ನಲ್ಲಿ ಉಳಿದಿರುತ್ತದೆ. ಹಾಗಾದರೆ ಆ ಕೀಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಎಸ್‌ಎಂಎಸ್ ಕಳಿಸುವ ಯೋಚನೆ ಇದ್ದರೆ ಈಗಲೇ ತಿಳಿದುಕೊಳ್ಳಿ. ಗೇಟ್‌ವೇ (ಆ್ಯಪ್‌ನಿಂದ ಎಸ್‌ಎಂಎಸ್ ಕಳಿಸಿಕೊಡುವ ಸೇವೆ) ಮೂಲಕ ಕಳಿಸಲು ನಮ್ಮ ದೇಶದಲ್ಲಿ ಡಿಎಲ್‌ಟಿ ನೋಂದಣಿ, ಅಂದರೆ ಕಳಿಸುವವರ ಹೆಸರು ಮತ್ತು ಸಂದೇಶದ ಮಾದರಿಯನ್ನು ಮೊದಲೇ ದಾಖಲಿಸುವುದು, ಬೇಕು. ಅದು ಒಂದು ವಾರಾಂತ್ಯದಲ್ಲಿ ಆಗುವ ಕೆಲಸವಲ್ಲ. ಡೆಮೊಗೆ ಟೆಲಿಗ್ರಾಂ ಬಾಟ್ ಸಾಕು, ಬೇಗ ಸಿದ್ಧವಾಗುತ್ತದೆ. ಎಸ್‌ಎಂಎಸ್ಸೇ ತೋರಿಸಬೇಕಾದರೆ ನಿಮ್ಮದೇ ಸಿಮ್ ಇರುವ ಫೋನಿನಿಂದ ಕಳಿಸಿ. ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ ಹಿಡಿಯುತ್ತದೆ, ಇಂಗ್ಲಿಷಿನ ಹಾಗೆ 160 ಅಲ್ಲ. ಕಾಗುಣಿತದ ಗುರುತು, ಒತ್ತಕ್ಷರ ಎಲ್ಲ ಬೇರೆ ಬೇರೆ ಎಣಿಕೆ. ಸಂದೇಶ ಚಿಕ್ಕದಿರಲಿ.

## ಹಂತ 8: ಶನಿವಾರ, ತಿರುಳು ಮಾತ್ರ

ಇವತ್ತಿನ ಪ್ರಶ್ನೆ ಒಂದೇ. ಮಾಹಿತಿ ಯಾರು ಕೊಡುತ್ತಾರೆ?

ಡ್ರೈವರ್ ಅಂತ ಹೇಳಬೇಡಿ. ಘಾಟಿಯಲ್ಲಿ ಸ್ಟೀರಿಂಗ್ ಹಿಡಿದವರ ಕೈಗೆ ಫೋನ್ ಕೊಡುವ ಯಾವ ಐಡಿಯಾಕ್ಕೂ ಅಂಕ ಬರಬಾರದು. ಕಂಡಕ್ಟರ್‌ಗೆ ಟಿಕೆಟ್ ಕೆಲಸವೇ ಸಾಕಷ್ಟು. ದಾರಿ ಮಧ್ಯದ ನಿಲ್ದಾಣದ ಅಂಗಡಿಯವರು ಒಂದು ಮಿಸ್ಡ್ ಕಾಲ್ ಕೊಟ್ಟರೆ? ಬಸ್ಸಿನೊಳಗಿನ ವಿದ್ಯಾರ್ಥಿ ಒಂದು ಬಟನ್ ಒತ್ತಿದರೆ? ನನಗೆ ಈ ಎರಡನೇ ದಾರಿಗಿಂತ ಮೊದಲನೆಯದು ಇಷ್ಟ. ಅಂಗಡಿ ದಿನಾ ಅಲ್ಲೇ ಇರುತ್ತದೆ. ಬಸ್ ಬಂದರೆ ಅವರಿಗೂ ವ್ಯಾಪಾರ.

ಮಾಹಿತಿಗೆ ಆಯಸ್ಸು ಇಡಿ. "ರಸ್ತೆ ಬಂದ್" ಅಂತ ಯಾರೋ ಹಾಕಿದ್ದು ಇಷ್ಟು ಗಂಟೆಯಲ್ಲಿ ತಾನೇ ಹಳತಾಗಬೇಕು, ಮತ್ತೊಬ್ಬರು ಹೌದು ಅಂದರೆ ಮಾತ್ರ ಉಳಿಯಬೇಕು. ಸ್ಕ್ರೀನಿನಲ್ಲಿ "ಕೊನೆಯ ಸುದ್ದಿ 5:25ಕ್ಕೆ, ಪೊನ್ನಂಪೇಟೆಯಿಂದ" ಅಂತ ಸಮಯ ಸಮೇತ ಕಾಣಲಿ.

ಬಸ್ ಬರುವ ಸಮಯವನ್ನು ಒಂದೇ ಅಂಕಿಯಲ್ಲಿ ಹೇಳಬೇಡಿ. "5:42" ಅಂದು 5:55ಕ್ಕೆ ಬಂದರೆ ಜನ ಮತ್ತೆ ನಂಬುವುದಿಲ್ಲ. "5:40ರಿಂದ 6:00ರ ಒಳಗೆ" ಅನ್ನಿ. ಇದಕ್ಕೆ ಮಷೀನ್ ಲರ್ನಿಂಗ್ ಬೇಡ. ಕೆಲವೇ ಟ್ರಿಪ್‌ಗಳ ಡೇಟಾ ಇಟ್ಟುಕೊಂಡು ಮಾಡೆಲ್ ತರಬೇತಿ ಮಾಡಿದ್ದೇವೆ ಅಂದರೆ ತಿಳಿದವರು ನಗುತ್ತಾರೆ. ಅಳೆದ ಸಮಯಗಳನ್ನು ಸಾಲಾಗಿ ಇಟ್ಟು ನಡುವಿನದ್ದನ್ನು ತೆಗೆದುಕೊಳ್ಳಿ. ಮಳೆ ದಿನಕ್ಕೆ ಬೇರೆ ಸಾಲು ಇಡಿ.

ಮಾರ್ಗದರ್ಶಕರು ಬಂದಾಗ ಐಡಿಯಾ ವಿವರಿಸುತ್ತಾ ಕೂರಬೇಡಿ. ಓಡುತ್ತಿರುವುದನ್ನು ತೋರಿಸಿ, ಸಿಕ್ಕಿಕೊಂಡಿರುವ ಒಂದು ಜಾಗ ಹೇಳಿ ಸಹಾಯ ಕೇಳಿ. ಅವರು ಐದು ಹೊಸ ಫೀಚರ್ ಹೇಳಿದರೆ ಧನ್ಯವಾದ ಹೇಳಿ, ಕಾಗದದ ಹಿಂಭಾಗದಲ್ಲಿ ಬರೆದಿಟ್ಟು, ನಿಮ್ಮ ಕೆಲಸ ಮುಂದುವರಿಸಿ.

ಸಂಜೆ 6ಕ್ಕೆ ಒಂದು ಪರೀಕ್ಷೆ. ತಂಡದಲ್ಲಿ ಇಲ್ಲದವರ ಫೋನಿಗೆ ಕೊಡಿ. ನೀವು ಬಾಯಿ ಬಿಡದೆ ಅವರು ಬಸ್ ಸಮಯ ಕಂಡುಹಿಡಿಯಬೇಕು. ಆಗಲಿಲ್ಲವಾ? ಹೊಸದೇನೂ ಸೇರಿಸಬೇಡಿ, ಇರುವುದರಲ್ಲಿ ಒಂದನ್ನು ತೆಗೆಯಿರಿ.

ಎಚ್ಚರಿಕೆಯ ಗುರುತು: "ಇದೊಂದು ಸೇರಿಸಿದ್ರೆ ಮುಗೀತು" ಅನ್ನುವ ಮಾತು ಮತ್ತೆ ಮತ್ತೆ ಕೇಳುತ್ತಿದೆ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುತ್ತಿದೆ. ಮಾತಾಡಬೇಕಾದವರು ಇನ್ನೂ ಒಂದು ಸಲವೂ ಆ್ಯಪ್ ಮುಟ್ಟಿಲ್ಲ.

## ಹಂತ 9: ಮಲಗಿ

ರಾತ್ರಿ ಸರದಿಯಲ್ಲಿ ಮಲಗಿ. ಡೆಮೊ ಕೊಡುವವರು ಪೂರ್ತಿ ಮಲಗಲಿ, ಅವರಿಗೆ ಸರದಿ ಇಲ್ಲ. ಬೆಳಗಿನ ಜಾವ ಬರೆದ ಕೋಡ್ ಬೆಳಗಾದ ಮೇಲೆ ಅರ್ಥವಾಗುವುದಿಲ್ಲ.

## ಹಂತ 10: ಭಾನುವಾರ, ನಿಲ್ಲಿಸಿ ತೋರಿಸಿ

ಬೆಳಿಗ್ಗೆ ಎದ್ದ ಮೇಲೆ ಕೋಡ್ ಮುಟ್ಟುವ ಹಾಗಿಲ್ಲ. ಕೆಲಸ ಮಾಡುವ ರೂಪವನ್ನು ಬೇರೆಯಾಗಿ ಉಳಿಸಿ. ಮೊದಲಿನಿಂದ ಕೊನೆವರೆಗೆ ಸ್ಕ್ರೀನ್ ರೆಕಾರ್ಡ್ ಮಾಡಿ ಪೆನ್ ಡ್ರೈವ್‌ಗೆ ಹಾಕಿ. ಸ್ಲೈಡ್‌ನ ಕನ್ನಡ ಅಕ್ಷರ ಬೇರೆ ಕಂಪ್ಯೂಟರಿನಲ್ಲಿ ಒಡೆದುಹೋಗಬಹುದು, ಪಿಡಿಎಫ್ ಮಾಡಿ ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ಕೊನೆಯ ಹೊತ್ತಿಗೆ ಕಾಯದೆ ಒಂದು ಗಂಟೆ ಮೊದಲೇ ಸಬ್ಮಿಟ್ ಮಾಡಿ. ಕಡೇ ಹತ್ತು ನಿಮಿಷದಲ್ಲಿ ಎಲ್ಲರೂ ಅಪ್‌ಲೋಡ್ ಮಾಡುವಾಗ ಹಾಲ್‌ನ ವೈಫೈ ಮಲಗಿರುತ್ತದೆ.

ಮಾತಾಡಲು ಮೂರು ನಿಮಿಷ ಸಿಕ್ಕಿದರೆ ಹೀಗೆ ಹಂಚಿ. ಮೊದಲ ಅರ್ಧ ನಿಮಿಷ ಆ ಒಂದೇ ವಾಕ್ಯ, ಆ ನಿಲ್ದಾಣ, ಆ ಹೊತ್ತು. ನಂತರ ಒಂದೂವರೆ ನಿಮಿಷ ಓಡಿಸಿ ತೋರಿಸುವುದು. ಡೆಮೊ ಮಧ್ಯೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನೆಟ್ ಇಲ್ಲದಾಗ ಏನು ಕಾಣುತ್ತದೆ ಅಂತ ತೋರಿಸಿ. ನೀವು ಬರೆದುಕೊಂಡ ನೆಟ್‌ವರ್ಕ್ ಇಲ್ಲದ ಜಾಗಗಳ ಕಾಗದ ಈಗ ಹೊರಗೆ ಬರಲಿ. ಉಳಿದದ್ದರಲ್ಲಿ ಯಾವುದು ನಿಜ, ಯಾವುದು ಸದ್ಯಕ್ಕೆ ನಾಟಕ ಅಂತ ನೀವೇ ಹೇಳಿ. "ಈ ಜಿಪಿಎಸ್ ದಾರಿ ಕಳೆದ ವಾರ ರೆಕಾರ್ಡ್ ಮಾಡಿದ್ದು" ಅಂದರೆ ಅಂಕ ಹೋಗುವುದಿಲ್ಲ. ಲೈವ್ ಅಂತ ಹೇಳಿ ಸಿಕ್ಕಿಬಿದ್ದರೆ ಹೋಗುತ್ತದೆ.

ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ.

"ಬಸ್‌ಗಳಲ್ಲಿ ಟ್ರ್ಯಾಕರ್ ಈಗಾಗಲೇ ಇರಬೇಕಲ್ವಾ?" ಹೌದು. ಎಐಎಸ್-140 ಅನ್ನುವ ಮಾನದಂಡದ ಪ್ರಕಾರ ಪ್ರಯಾಣಿಕರ ವಾಹನಗಳಿಗೆ ಸ್ಥಳ ತೋರಿಸುವ ಸಾಧನ ಮತ್ತು ಪ್ಯಾನಿಕ್ ಬಟನ್ ಬೇಕು ಅನ್ನುವ ನಿಯಮ ಇದೆ. ಆ ಮಾಹಿತಿ ನಿಲ್ದಾಣದಲ್ಲಿ ನಿಂತವರ ಕೈಗೆ ಬರುತ್ತಿಲ್ಲ ಅನ್ನುವುದು ನಿಮ್ಮ ಉತ್ತರ. ಮುಂದೆ ಅದು ಸಿಕ್ಕರೆ ನಿಮ್ಮ ವ್ಯವಸ್ಥೆಗೆ ಹೇಗೆ ಸೇರಿಸುತ್ತೀರಿ ಅಂತಲೂ ಹೇಳಿ. ನಿಯಮದ ಹೆಸರೇ ಕೇಳಿಲ್ಲ ಅಂದರೆ ಕಷ್ಟ.

"ಖಾಸಗಿ ಬಸ್ಸಿನ ಮಾಲೀಕರು ಯಾಕೆ ಒಪ್ಪುತ್ತಾರೆ?" ಹಂತ 4ರಲ್ಲಿ ಒಬ್ಬರನ್ನಾದರೂ ಕೇಳಿದ್ದರೆ ಅವರ ಮಾತನ್ನೇ ಹೇಳಿ. ಒಪ್ಪಲ್ಲ ಅಂದಿದ್ದರೂ ಹೇಳಿ, ಅವರ ಒಪ್ಪಿಗೆ ಇಲ್ಲದೆಯೂ ನಡೆಯುತ್ತದಾ ಅನ್ನುವುದನ್ನು ಸೇರಿಸಿ.

"ತಿಂಗಳ ಖರ್ಚು ಎಷ್ಟು, ಯಾರು ಕೊಡುತ್ತಾರೆ?" ಸರ್ವರ್, ಸಿಮ್, ಸಂದೇಶ ಮೂರನ್ನೂ ಮೊದಲೇ ಲೆಕ್ಕ ಹಾಕಿ ಒಂದು ಸಾಲಿನಲ್ಲಿ ಇಟ್ಟುಕೊಳ್ಳಿ. "ಸರ್ಕಾರ ಕೊಡುತ್ತೆ" ಅನ್ನುವುದು ಉತ್ತರವಲ್ಲ.

"ಸುಳ್ಳು ಸುದ್ದಿ ಹಾಕಿದ್ರೆ?" ಆಯಸ್ಸಿನ ವಿಷಯ ಹೇಳಿ, ಹಾಕಿ ತೋರಿಸಿ.

ಗೊತ್ತಿಲ್ಲದ್ದಕ್ಕೆ "ಅದನ್ನ ನೋಡಿಲ್ಲ ಸರ್" ಅಂತ ಹೇಳಿ ಮುಂದೆ ಹೋಗಿ. ಉತ್ತರ ಕಟ್ಟಲು ಹೋದರೆ ಅವರು ಅದನ್ನೇ ಎಳೆಯುತ್ತಾರೆ.

## ಹಂತ 11: ಸೋಮವಾರದ ಕೆಲಸ

ಬಹುಮಾನ ಬಂದರೂ ಬರದಿದ್ದರೂ ನಾಲ್ಕು ಕೆಲಸ ಬಾಕಿ ಇರುತ್ತವೆ. ಬಳಸಿದ ಎಪಿಐ ಕೀಗಳನ್ನು ರದ್ದು ಮಾಡಿ. ಟೆಸ್ಟ್ ಮಾಡುವಾಗ ಬಂದ ಯಾರ ಫೋನ್ ನಂಬರ್ ಇದ್ದರೂ, ಯಾರ ಓಡಾಟದ ದಾರಿ ಇದ್ದರೂ ಅಳಿಸಿ. ನೀವು ಗುರುತಿಸಿದ ಬಸ್ ನಿಲ್ದಾಣಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿ, ಕನ್ನಡ ಹೆಸರಿನ ಜೊತೆ. ಆಮೇಲೆ ಸಂಜೆ ಅದೇ ನಿಲ್ದಾಣಕ್ಕೆ ಹೋಗಿ ಆ ಕಂಡಕ್ಟರಿಗೂ ಅಂಗಡಿಯವರಿಗೂ ಮಾಡಿದ್ದನ್ನು ತೋರಿಸಿ. ವೇಳೆ ತಪ್ಪಾಗಿದ್ದರೆ ಅವರು ಅಲ್ಲೇ ಹೇಳುತ್ತಾರೆ. ಫೋನಿನಲ್ಲೇ ತಿದ್ದಿಕೊಳ್ಳಿ.